ಹಣೆಯ ಮೇಲಿನ ನೀಲಿ

ಹದಿನಾಲ್ಕನೇ ತಾರೀಕು ಗುರುವಾರ, ಬೆಳಿಗ್ಗೆ ಹತ್ತೂಕಾಲಿಗೆ ಭಾವಚಿತ್ರ ಬರೆಯುವ ಮೇಷ್ಟ್ರ ಹೆಂಡತಿ ಠಾಣೆಗೆ ಬಂದರು. ಗಂಡ ಸೋಮವಾರದಿಂದ ಕಾಣೆ. ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿದರು. ಮುನಿಸಿಕೊಂಡು ಹೋಗಿ ಬಾಲ ಮುದುರಿಕೊಂಡು ಬರುವ ಗಂಡಂದಿರನ್ನು ಅವರು ಬೇಕಾದಷ್ಟು ಕಂಡಿದ್ದರು.

"ಬದುಕಿದಾರಾ ಇಲ್ವಾ, ಅದೊಂದು ಹೇಳಿ ಸಾಕು," ಎಂದರು ಆಕೆ.

ಹನ್ನೊಂದೂವರೆಗೆ ಇನ್‌ಸ್ಪೆಕ್ಟರ್ ಆಕೆಯನ್ನೂ ದಫೇದಾರರನ್ನೂ ಕರೆದುಕೊಂಡು ಚಿತ್ರಶಾಲೆಗೆ ಹೋದರು. ಬಾಗಿಲು ತೆಗೆದವನು ಸಹಾಯಕ, ಐವತ್ತು ದಾಟಿದ ಆಸಾಮಿ. ಇಪ್ಪತ್ತೆರಡು ವರ್ಷದಿಂದ ಮೇಷ್ಟ್ರ ಚಿತ್ರಗಳಿಗೆ ಕೋಟು, ಕುರ್ಚಿ, ಕೈಬೆರಳು ಬರೆಯುತ್ತಿದ್ದ. ಮುಖ ಮಾತ್ರ ಮೇಷ್ಟ್ರದ್ದೇ. ಒಳಗೆ ಟರ್ಪೆಂಟೈನ್ ವಾಸನೆ ಮೂಗಿಗೆ ರಾಚಿತು. ಅದರಡಿಯಲ್ಲಿ ಇನ್ನೊಂದು ವಾಸನೆಯಿತ್ತು. ಅಷ್ಟು ಸೆಕೆಯಲ್ಲೂ ಕಿಟಕಿಗಳೆಲ್ಲ ಮುಚ್ಚಿದ್ದವು; ಹಿಂಬದಿಯ ಉಗ್ರಾಣಕ್ಕೆ ಬೀಗ ಬಿದ್ದಿತ್ತು.

ಈಸಲ್ ಸ್ಟ್ಯಾಂಡಿನ ಮೇಲೆ ಮೇಷ್ಟ್ರ ಸ್ವಂತ ಭಾವಚಿತ್ರ.

"ಯಾವಾಗ ಮುಗೀತು?"

"ಹೋದ ತಿಂಗಳು ಸಾರ್. ಕೋಟು ನಂದು, ಮುಖ ಅವರದು. ಆಮೇಲೆ ಯಾರೂ ಬ್ರಷ್ ಮುಟ್ಟಿಲ್ಲ."

ಪಂಚನಾಮೆಗೆ ಸಾಕ್ಷಿಯಾಗಿ ಬಂದ, ಪಕ್ಕದಲ್ಲೇ ಚಿತ್ರಗಳಿಗೆ ಚೌಕಟ್ಟು ಹಾಕುವ ಅಂಗಡಿಯವರು, ಇನ್‌ಸ್ಪೆಕ್ಟರ್ ಹೇಳಿದಂತೆ ಕೋಟಿನ ಮೇಲೆ ಬೆರಳಿಟ್ಟರು. ಒಣಗಿತ್ತು. ಕೆನ್ನೆಯ ಮೇಲಿಟ್ಟಾಗ ಬಣ್ಣ ಅಂಟಿತು.

"ಎಣ್ಣೆ ಬಣ್ಣ ಆರೋಕೆ ವಾರ ಬೇಕು ಸಾರ್. ಈ ಮುಖ ಬರೆದು ಮೂರ್ನಾಲ್ಕು ದಿನ ಆಗಿರ್ಬೇಕು, ಅಷ್ಟೆ," ಎಂದರು ಅಂಗಡಿಯವರು.

ಹೆಂಡತಿ ಚಿತ್ರದ ಹತ್ತಿರಕ್ಕೆ ಹೋದರು.

"ಥೇಟ್ ಅವರೇ. ಆದ್ರೆ ಹಣೆ ಮೇಲೆ ಇದೇನು ನೀಲಿ? ಅವರಿಗೆ ಗಾಯ ಇರ್ಲಿಲ್ವಲ್ಲ."

ಇನ್‌ಸ್ಪೆಕ್ಟರ್ ಬಗ್ಗಿ ನೋಡಿದರು. ಎಡಹುಬ್ಬಿನ ಮೇಲೆ ಊದಿದ ಚರ್ಮ, ಅಂಚಿಗೆ ತೆಳುವಾದ ನೇರಳೆ, ಅರೆಮುಚ್ಚಿದ ಕಣ್ಣು, ಬಿಳಿಚಿದ ತುಟಿ. ಎದುರಿಗೆ ಕೂರಿಸಿಕೊಳ್ಳದೆ ಇಂಥದ್ದನ್ನು ಬರೆಯಲಾಗದು.

"ಉಗ್ರಾಣದ ಬೀಗದ ಕೈ ಕೊಡಪ್ಪ."

ಸಹಾಯಕ ಜೇಬಿನಿಂದ ತೆಗೆದು ಕೊಟ್ಟ. ಹನ್ನೆರಡು ನಲವತ್ತಕ್ಕೆ ಕ್ಯಾನ್ವಾಸ್ ಸುರುಳಿಗಳ ಹಿಂದೆ ಶವ ಸಿಕ್ಕಿತು. ಚಿತ್ರದಲ್ಲಿದ್ದ ಜಾಗದಲ್ಲೇ ಸುತ್ತಿಗೆಯ ಏಟು. ಹೆಂಡತಿ ಕೇಳಿದ್ದ ಪ್ರಶ್ನೆಗೆ ಇನ್‌ಸ್ಪೆಕ್ಟರ್ ಬಾಯಿಬಿಟ್ಟು ಉತ್ತರ ಹೇಳಬೇಕಾಗಲಿಲ್ಲ.

ಒಂದು ಹತ್ತಕ್ಕೆ ದಸ್ತಗಿರಿ.

"ಒಂದೇ ಒಂದು ಮುಖ ಬರೀತೀನಿ ಅಂದೆ. ನಿನ್ನ ಕೈಗೆ ಕೋಟೇ ಸಾಕು ಅಂತ ನಕ್ಕರು. ಹೊಡೆದುಬಿಟ್ಟೆ. ಆಮೇಲೆ ಕೂರಿಸ್ಕೊಂಡು ಬರೆದೆ."

"ಗಾಯ ಯಾಕೆ ಬರೆದೆ? ಅದನ್ನ ಬಿಟ್ಟಿದ್ರೆ?"

"ಕಣ್ಣಿಗೆ ಕಂಡಿದ್ದನ್ನ ಬಿಡಬೇಡ ಅಂತ ಕಲಿಸಿದ್ದೇ ಅವರು ಸಾರ್."

ಜೀಪು ಹತ್ತುವಾಗ ಅವನು ತಿರುಗಿ ನಿಂತ.

"ಅಮ್ಮಾವ್ರು ಥೇಟ್ ಅವರೇ ಅಂದ್ರಲ್ಲ, ಅದನ್ನೂ ಬರ್ಕೊಳ್ಳಿ ಸಾರ್."

ಇನ್‌ಸ್ಪೆಕ್ಟರ್ ಬರೆದುಕೊಂಡರು.