ಬಿಡುಗಡೆಯ ಶಹನಾಯಿ

ಕಸ್ತೂರಿ ಹಂಚಿನಾಳ ಅವರ ಎಡಗೈಯ ಪಟ್ಟಿಯಿಂದ ಇದ್ದಕ್ಕಿದ್ದಂತೆ ಶಹನಾಯಿ ಹೊರಟಾಗ, ಹೆಡ್‌ಫೋನಿನ ಆ ಕಡೆಯಿಂದ ಗ್ರಾಹಕರೊಬ್ಬರು ಅವರ ತಾಯಿತಂದೆಯರನ್ನು ವಿಚಾರಿಸಿಕೊಳ್ಳುತ್ತಿದ್ದರು.

“ಏನ್ರೀ ಅದು? ಇಲ್ಲಿ ನಮ್ಮ ನಳದಾಗ ಕೆಸರು ಬರಾಕತ್ತೈತಿ, ಅಲ್ಲಿ ನೀವು ಮದುವಿ ನಡಸೀರೇನು?”

ಮದುವೆಯಲ್ಲ, ಅದಕ್ಕಿಂತ ದೊಡ್ಡ ಸಂಭ್ರಮ. ಹುಬ್ಬಳ್ಳಿಗೆ ನೀರು ಪೂರೈಸುವ ಕಂಪನಿಯ ದೂರು ವಿಭಾಗದಲ್ಲಿ ಆ ಧ್ವನಿಯನ್ನು ಜಾಹೀರಾತಿನ ಹೊರಗೆ ಯಾರೂ ಕೇಳಿರಲಿಲ್ಲ. ಎಲ್ಲರೂ ಕುರ್ಚಿ ತಿರುಗಿಸಿ ನೋಡಿದರು. ಕಸ್ತೂರಿಯವರ ಮಣಿಕಟ್ಟಿನ ಮೇಲೆ ಹಸಿರು ಅಕ್ಷರದಲ್ಲಿ ಒಂದೇ ಪದ ಮಿನುಗುತ್ತಿತ್ತು: ‘ಇಂದು’.

ಆ ಪಟ್ಟಿಯ ಹೆಸರು ಬಿಡುಗಡೆಮಾಪಕ. ದುಡಿಯುವವನು ಯಾವ ದಿನ ರಾಜೀನಾಮೆ ಕೊಟ್ಟರೆ ಮುಂದೆ ಯಾರ ಮುಂದೆಯೂ ಕೈಚಾಚದೆ ಬದುಕಬಹುದು ಎಂಬುದನ್ನು ಅದು ಸದಾ ಗುಣಿಸುತ್ತಿರುತ್ತದೆ. ಬ್ಯಾಂಕಿನ ಉಳಿತಾಯ, ತರಕಾರಿಯ ಧಾರಣೆ, ಮನೆ ಬಾಡಿಗೆ, ಎಲ್ಲವೂ ಅದಕ್ಕೆ ಗೊತ್ತು. ಅದು ನಾಡಿಗೆ ತಾಗಿಕೊಂಡೇ ಇರಬೇಕು ಎಂಬ ಷರತ್ತೂ ಇತ್ತು. ಹಣದ ಲೆಕ್ಕಕ್ಕೆ ನಾಡಿ ಏಕೆ ಬೇಕು ಎಂದು ಕೊಂಡವರಾರೂ ಕೇಳಲಿಲ್ಲ. ತಾರೀಖು ತೋರಿಸುವ ಯಂತ್ರವನ್ನು ಪ್ರಶ್ನಿಸುವಷ್ಟು ಪುರುಸೊತ್ತು ನೌಕರರಿಗೆ ಎಲ್ಲಿಯದು?

ಅದರಲ್ಲೂ ಕಸ್ತೂರಿಯವರ ನೌಕರಿ ವಿಚಿತ್ರವಾದದ್ದು. ಯಂತ್ರಗಳು ಎಲ್ಲ ಕೆಲಸ ಕಲಿತ ಆ ಕಾಲದಲ್ಲೂ ಅದು ಮನುಷ್ಯರ ಪಾಲಿಗೇ ಉಳಿದಿತ್ತು. ಮೊದಲು ಅಲ್ಲಿಯೂ ಯಂತ್ರವನ್ನೇ ಕೂರಿಸಿದ್ದರು. ಎಷ್ಟು ಬೈದರೂ ಅದು ಸವಿಯಾಗಿಯೇ ಉತ್ತರಿಸುತ್ತಿತ್ತು. ಗ್ರಾಹಕರಿಗೆ ಅದರಿಂದ ಸಮಾಧಾನವಾಗಲಿಲ್ಲ. ಬೈಸಿಕೊಂಡವರಿಗೆ ನೋವಾಗದಿದ್ದರೆ ಬೈದು ಏನು ಸುಖ? ಹೀಗಾಗಿ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ನೋಯಲೆಂದು ಮನುಷ್ಯರನ್ನು ನೇಮಿಸಿಕೊಂಡರು.

ಆ ಕುರ್ಚಿಯಿಂದ ಏಳುವುದಕ್ಕಾಗಿ ಕಸ್ತೂರಿ ಮಾಡದ ಉಳಿತಾಯವಿಲ್ಲ. ಬಸ್ಸಿನ ಬದಲು ನಡಿಗೆ. ಹಬ್ಬಕ್ಕೆ ಹಳೆಯ ಸೀರೆ. ಮೆಟ್ಟಿಲು ಹತ್ತುವಾಗ ಎದೆ ಬಿಗಿದರೆ, ಡಾಕ್ಟರ ಬದಲು ಒಂದು ಲೋಟ ತಣ್ಣೀರು. ಪ್ರತಿ ಉಳಿತಾಯಕ್ಕೂ ತಾರೀಖು ತುಸು ಹತ್ತಿರ ಸರಿಯುತ್ತಿತ್ತು. ಆದರೂ ನಿನ್ನೆ ಸಂಜೆ ಅದು ಹತ್ತು ವರ್ಷಕ್ಕೂ ಆಚೆಯೇ ಇತ್ತು.

“ಅಕ್ಕಾರ, ಯಾವ ಸಾವಕಾರ ನಿಮ್ಮನ್ನ ದತ್ತಕ ತಗೊಂಡ?” ಎಂದು ಪಕ್ಕದ ಕುರ್ಚಿಯ ದಸ್ತಗೀರಸಾಬ ನದಾಫ ಕೇಳಿದರು. ಯಾರೋ ಪೇಡೆ ತರಲು ಓಡಿದರು.

ಕಸ್ತೂರಿ ಹೆಡ್‌ಫೋನಿನ ಮೈಕನ್ನು ಬಾಯಿಯ ಹತ್ತಿರ ತಂದರು. “ಸಾಹೇಬ್ರ, ಕೆಸರು ನಿಮ್ಮ ನಳದಾಗಷ್ಟ ಅಲ್ಲ, ಬಾಯಾಗೂ ಐತಿ. ಎರಡನ್ನೂ ತೊಳಸ್ಕೋರಿ.”

ಇಡೀ ವಿಭಾಗ ಚಪ್ಪಾಳೆ ತಟ್ಟಿತು. ರಾಜೀನಾಮೆ ಮ್ಯಾನೇಜರರ ಯಂತ್ರಕ್ಕೆ ಹೋಯಿತು. ಪೇಡೆ ಬಂತು. ಕಸ್ತೂರಿ ತಾವೇ ಎಲ್ಲರಿಗೂ ಹಂಚಿದರು.

“ಈಗರ ಖರೇ ಹೇಳ್ರಿ,” ಎಂದರು ನದಾಫ, ಬಾಯಲ್ಲಿ ಪೇಡೆ ಇಟ್ಟುಕೊಂಡೇ. “ಇಷ್ಟು ರೊಕ್ಕ ಎಲ್ಲಿಂದ ಬಂತು?”

“ಎಲ್ಲಿಂದನೂ ಬಂದಿಲ್ಲ.”

ನದಾಫರ ದವಡೆ ನಿಂತಿತು.

ಮರುದಿನ ಬೆಳಿಗ್ಗೆ ಕಸ್ತೂರಿ ಧಾರವಾಡಕ್ಕೆ ಹೋಗಿ, ಬಿಡುಗಡೆಮಾಪಕವನ್ನು ಕಂಡುಹಿಡಿದ ಡಾ. ಜಯತೀರ್ಥ ಹುದ್ದಾರರ ಪ್ರಯೋಗಾಲಯದ ಬಾಗಿಲು ತಟ್ಟಿದರು. ಹುದ್ದಾರರು ಸಜ್ಜನರು. ಯಾರಾದರೂ ತಮ್ಮ ಯಂತ್ರದ ಬಗ್ಗೆ ಕೇಳಿದರೆ ಚಹಾ ತರಿಸಿ ವಿವರಿಸುವವರು.

“ಭಾಳ ಸರಳ ಅದರಿ. ನೀವು ಕೂಡಿಟ್ಟದ್ದು ಎಷ್ಟು, ತಿಂಗಳಾ ಖರ್ಚು ಮಾಡೋದು ಎಷ್ಟು, ಖರ್ಚು ಮಾಡಲಿಕ್ಕೆ ಇನ್ನ ಎಷ್ಟು ತಿಂಗಳು ಉಳದಾವ. ಈ ಮೂರು ಗೊತ್ತಾದರ ಮುಗೀತು.”

“ನಾ ಕೂಡಿಟ್ಟದ್ದು ಹೆಚ್ಚಾಗಿಲ್ಲ.”

“ಇಲ್ಲ.”

“ಖರ್ಚೂ ಕಡಿಮಿ ಆಗಿಲ್ಲ. ಕಡಿಮಿ ಮಾಡಾಕ ಇನ್ನ ಜಾಗಾನ ಇಲ್ಲ.”

ಹುದ್ದಾರರು ಕನ್ನಡಕ ತೆಗೆದು ಒರೆಸತೊಡಗಿದರು. ಅದು ಸ್ವಚ್ಛವಾಗಿಯೇ ಇತ್ತು.

“ಹಂಗಾರ ಬದಲಾಗಿದ್ದು ಮೂರನೇದು,” ಎಂದರು ಕಸ್ತೂರಿ.

“ನೋಡ್ರಿ, ಅದನ್ನ ನಾ ಹೇಳೋದು ಕಾನೂನಿಗೆ ವಿರುದ್ಧ ಆಗ್ತದ. ರೋಗದ ಸುದ್ದಿ ಹೇಳಲಿಕ್ಕೆ ಡಾಕ್ಟರ ಆಗಿರಬೇಕು. ನಮ್ಮದು ಹಣಕಾಸಿನ ಸಲಹಾ ಅಷ್ಟ.”

“ಅದಕ್ಕ ಶಹನಾಯಿ ಊದಿಸಿದ್ರೇನು?”

“ಶಹನಾಯಿ ಮಾರಾಟ ವಿಭಾಗದವರ ವಿಚಾರರಿ. ಮಂಗಳಕರ ಇರ್ತದ ಅಂತ…”

“ನನ್ನ ಆಯುಷ್ಯ ತೀರಾಕ ಬಂತು ಅಂತ ನಾನ ನಿಂತು ಪೇಡೆ ಹಂಚೀನ್ರಿ. ತಿಂದವರು ಕೈ ಕುಲುಕಿ ಶುಭಾಶಯ ಹೇಳ್ಯಾರ. ಸಾಯೋರಿಗೆ ನೌಕರಿ ಬೇಕಾಗಿಲ್ಲ ಅನ್ನೋದನ್ನ ಕಂಡುಹಿಡ್ಯಾಕ ಇಷ್ಟು ದೊಡ್ಡ ಕಟ್ಟಡ ಬೇಕಾಗಿತ್ತೇನು?”

ಹುದ್ದಾರರಿಗೆ ನಿಜಕ್ಕೂ ನಾಚಿಕೆಯಾಯಿತು. ಆದರೆ ನಾಚಿಕೆಯಾದಾಗ ಆಡಲು ಕಂಪನಿ ಅವರಿಗೊಂದು ಮಾತು ಕಲಿಸಿತ್ತು. “ನಿಮ್ಮ ದೂರು ನಮಗ ಭಾಳ ಮುಖ್ಯ ಅದರಿ. ದಾಖಲ ಮಾಡ್ಕೋತೇವಿ.”

ಅದು ಕಸ್ತೂರಿಯವರದೇ ಮಾತು. ವರ್ಷಗಟ್ಟಲೆ ಅದನ್ನು ಊರಿನ ಕಿವಿಗೆ ಸುರಿದಿದ್ದರು. ಕೇಳುವವರಿಗೆ ಹೇಗಿರುತ್ತದೆ ಎಂಬುದು ಈಗ ತಿಳಿಯಿತು. ಆ ನಳದ ಮನುಷ್ಯ ಬೈದದ್ದು ಕಡಿಮೆಯೇ ಆಯಿತು ಎನ್ನಿಸಿತು.

“ರೋಗ ಐತಿ ಅಂದ್ರ ಅದಕ್ಕ ಔಷಧಾನೂ ಇರ್ತೈತಲ್ರಿ. ಅದರ ಖರ್ಚು ನಿಮ್ಮ ಲೆಕ್ಕದಾಗ ಯಾಕಿಲ್ಲ?”

“ಯಂತ್ರ ನಿಮ್ಮ ರೂಢಿ ನೋಡಿ ಮುಂದಿನದನ್ನ ಊಹಿಸ್ತದ,” ಎಂದರು ಹುದ್ದಾರರು ತಗ್ಗಿದ ದನಿಯಲ್ಲಿ. “ನೀವು ಎಷ್ಟೋ ವರ್ಷದಿಂದ ದವಾಖಾನಿಗೆ ಒಂದು ರೂಪಾಯಿ ಖರ್ಚು ಮಾಡಿಲ್ಲ. ಈ ಸಲಾನೂ ಮಾಡೋದಿಲ್ಲ ಅಂತ ತಿಳಕೊಂಡದ.”

ಯಂತ್ರ ತಪ್ಪು ತಿಳಿದಿರಲಿಲ್ಲ. ಕಸ್ತೂರಿಯವರನ್ನು ಅದು ಅವರ ನಂಟರಿಷ್ಟರಿಗಿಂತ ಚೆನ್ನಾಗಿ ಬಲ್ಲದು. ಬಿಡುಗಡೆಗಾಗಿ ಜೀವವನ್ನೂ ಉಳಿತಾಯದ ಖಾತೆಗೆ ಹಾಕುವ ಹೆಂಗಸು ಎಂದು ತೀರ್ಮಾನಿಸಿ, ಅದರ ಪ್ರಕಾರವೇ ಹಸಿರು ಅಕ್ಷರ ಬೆಳಗಿಸಿತ್ತು. ಆ ತೀರ್ಮಾನ ನಿಜವೆಂಬುದೇ ಅವರನ್ನು ಎಲ್ಲಕ್ಕಿಂತ ಹೆಚ್ಚು ಕೆರಳಿಸಿತು.

ಅವರು ಪಟ್ಟಿ ಬಿಚ್ಚಿ, ಮುಟ್ಟದೆ ಬಿಟ್ಟಿದ್ದ ಚಹಾದ ಕಪ್ಪಿನಲ್ಲಿ ಇಳಿಬಿಟ್ಟರು. “ನಿಮ್ಮ ಲೆಕ್ಕ ಸುಳ್ಳು ಮಾಡೇ ತೀರ್ತೀನಿ,” ಎಂದು ಎದ್ದು, ನೆಟ್ಟಗೆ ಆಸ್ಪತ್ರೆಗೆ ಹೋದರು.

ಹೃದಯದ ಕವಾಟವೊಂದು ಸಂಕುಚಿಸಿತ್ತು. ಹಾಗೇ ಬಿಟ್ಟರೆ ಹೆಚ್ಚು ಕಾಲವಿರಲಿಲ್ಲ. ಬದಲಾಯಿಸಿದರೆ ಇನ್ನೂ ಬಹಳ ವರ್ಷವಿತ್ತು. ಬದಲಾಯಿಸಿದರು. ಕೂಡಿಟ್ಟದ್ದೆಲ್ಲ ಹೋಯಿತು. ರಾಜೀನಾಮೆ ಇನ್ನೂ ಮ್ಯಾನೇಜರರ ಯಂತ್ರದಲ್ಲೇ ಬಿದ್ದಿತ್ತು. ಆ ಕಚೇರಿಯಲ್ಲಿ ಯಾವ ಕಾಗದವೂ ಬೇಗ ಮುಂದೆ ಹೋಗುತ್ತಿರಲಿಲ್ಲ. ಅದರಿಂದ ಒಬ್ಬರಿಗೆ ಉಪಕಾರವಾದದ್ದು ಅದೇ ಮೊದಲು. ಕಸ್ತೂರಿ ಅದನ್ನು ಹಿಂದಕ್ಕೆ ಪಡೆದು, ಅದೇ ಕುರ್ಚಿಯಲ್ಲಿ ಕುಳಿತರು. ಈ ಸಲವೂ ಪೇಡೆ ಹಂಚಿದರು. ಬಿಡುಗಡೆ ಕೈತಪ್ಪಿದವರಿಗೆ ಏನು ಹೇಳಬೇಕೆಂದು ತಿಳಿಯದೆ ಎಲ್ಲರೂ ಸುಮ್ಮನೆ ತಿಂದರು.

ಅಂದಿನಿಂದ ಕಸ್ತೂರಿ ಒಂದು ರೂಢಿ ಇಟ್ಟುಕೊಂಡರು. ಗ್ರಾಹಕರು ಬೈದು ದಣಿದು ಉಸಿರೆಳೆದುಕೊಳ್ಳುವ ಹೊತ್ತಿಗೆ ಕೇಳುತ್ತಿದ್ದರು, “ಕೈಯಾಗ ಬಿಡುಗಡೆಮಾಪಕ ಐತೇನ್ರಿ? ಶಹನಾಯಿ ಊದಿದ್ರ ಪೇಡೆ ಅಂಗಡಿಗೆ ಹೋಗಬ್ಯಾಡ್ರಿ, ಮೊದಲ ದವಾಖಾನಿಗೆ ಹೋಗ್ರಿ.” ಕಾರಣವನ್ನೂ ಹೇಳುತ್ತಿದ್ದರು. ನೀರಿನ ದೂರು ಇಲ್ಲದ ಮನೆ ಊರಿನಲ್ಲಿ ಇರಲಿಲ್ಲ. ಆದ್ದರಿಂದ ಸುದ್ದಿ ಮುಟ್ಟದ ಮನೆಯೂ ಉಳಿಯಲಿಲ್ಲ. ಹುದ್ದಾರರ ಕಂಪನಿ ಇದೆಲ್ಲ ವದಂತಿಯೆಂದು ಹೇಳಿಕೆ ಕೊಟ್ಟಿತು. ಜನ ಅದನ್ನು ಓದಿ ಇನ್ನಷ್ಟು ನಂಬಿದರು.

ಕೆಲವು ತಿಂಗಳ ಬಳಿಕ ಒಂದು ಮಧ್ಯಾಹ್ನ ದೂರು ವಿಭಾಗದಲ್ಲಿ ಮತ್ತೆ ಶಹನಾಯಿ ಕೇಳಿಸಿತು. ಈ ಸಲ ನದಾಫರ ಕೈಯಿಂದ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬರು ಆಟೊ ಕರೆಯಲು ಓಡಿದರು. ಇನ್ನೊಬ್ಬರು ನೀರು ತಂದರು.

“ಅಯ್ಯ, ನನಗೇನೂ ಆಗಿಲ್ಲಪಾ,” ನದಾಫ ಎರಡೂ ಕೈ ಎತ್ತಿದರು. “ನಮ್ಮ ಬೈಪಾಸ್ ಹತ್ತಿರದ ಜಾಗ ಮಾರೈತಿ. ಖರೇನ ರೊಕ್ಕ ಬಂದೈತಿ. ನಾ ಬಿಡುಗಡೆ ಆಗೀನಿ.”

“ಇರ್ಲಿ, ಮೊದಲ ಎದಿ ತೋರಿಸ್ಕೊಂಡು ಬರೂಣು, ಆಮ್ಯಾಲ ಬಿಡುಗಡೆ ಆಗ್ರಿ,” ಎಂದು ಕಸ್ತೂರಿ ನದಾಫರ ಊಟದ ಡಬ್ಬಿ ಎತ್ತಿಕೊಂಡರು.

ಅಷ್ಟರಲ್ಲಿ ಕಸ್ತೂರಿಯವರ ಹೆಡ್‌ಫೋನಿನಲ್ಲಿ ಆಗಿನಿಂದ ಅಬ್ಬರಿಸುತ್ತಿದ್ದ ಗ್ರಾಹಕ ತಟ್ಟನೆ ಸುಮ್ಮನಾದ. ಅದೇ ಕೆಸರುನೀರಿನ ಮನುಷ್ಯ.

“ಬಾಯಾರ, ಅದು ಶಹನಾಯಿ ಅಲ್ಲೇನ್ರಿ?”

“ಹೌದ್ರಿ.”

“ಯಾರದು?”

“ನಮ್ಮ ಜೊತಿ ಕೆಲಸ ಮಾಡವ್ರದು.”



“ಹಂಗಾರ ನೀವು ಮೊದಲ ಅವರ್ನ ಕರ್ಕೊಂಡು ಹೋಗ್ರಿ,” ಎಂದ ಆತ. “ನಿಮಗ ನಾಳೆ ಬೈತೀನಿ.”