ಒರೆಸದ ಗೋಡೆ

“ಅದಕ್ಕ ಡಾಂಬರ ಹಚ್ಚಬ್ಯಾಡ್ರಿ ಯಪ್ಪಾ. ದಿನಾ ಒರಸ್ರಿ, ಸಾಕು,” ಎಂದಳು ಮನೆಯೊಡತಿ ಮುದಕವ್ವ.

ಗುರುಲಿಂಗಪ್ಪ ನಕ್ಕ. “ಮಾರಿ ಒರಸಾಕ ಈ ಗ್ವಾಡಿ ಏನ ಮದಲಗಿತ್ತಿ ಏನಬೇ?”

ಬೆಳಗಾವಿಯಲ್ಲಿ ಸಿಮೆಂಟು, ಡಾಂಬರಿನ ಕೆಲಸ ಕಲಿತವನು. ಆ ಬೇಸಗೆಯಲ್ಲಷ್ಟೇ ಮೇಲವಂಕಿ ಊರಿನ ಈ ಬಾಡಿಗೆಮನೆಗೆ ಸಂಸಾರ ತಂದಿದ್ದ. ನಾಲ್ಕು ವರ್ಷದ ಮಗಳು ಗೌರವ್ವನಿಗೆ ಉಬ್ಬಸ. ಮೇಲೆ ಕೆಂಡದಂಥ ಬಿಸಿಲು, ಕೆಳಗಿನ ನೆಲಮನೆಯಲ್ಲಿ ತಂಪು. ಆದರೆ ಅಲ್ಲಿನ ಬಡಗಣ ಗೋಡೆ ಸದಾ ಒಸರುತ್ತಿತ್ತು. ಹಸಿಮಣ್ಣು, ಬೂಷ್ಟಿನ ವಾಸನೆ ಮೂಗಿಗೆ ಅಡರುತ್ತಿತ್ತು. ಕೂಸು ತೇವವಿಲ್ಲದ ತಂಪಿನಲ್ಲಿ ಮಲಗಿ ಉಸಿರಾಡಬೇಕು. ಇಷ್ಟೇ ಅವನ ಆಸೆ.

ಮುದಕವ್ವ ಸೆರಗು ಬಾಯಿಗಿಟ್ಟುಕೊಂಡಳು. “ಹಿಂದಕ ಇದು ಜೋಳ ತುಂಬೋ ಹಗೇವು. ಬಾಯಿ ತೆಗದ ಕೂಡಲೇ ನಮ್ಮ ಮಾವ ಮಗನ್ನ ಇಳಿಸಿದ. ಒಳಗಿನ ಕೆಟ್ಟಗಾಳಿ ಹುಡುಗನ್ನ ತಗೊಂತು. ನಮ್ಮತ್ತಿ ರಾಯವ್ವ ಅಳಬಾರದಂತ ಮನಿಯವ್ರು ಬಾಯಾಗ ಅರಿವಿ ತುರುಕಿದ್ರು. ಆಕಿ ಕೈಯಾಗಿನ ಹಸರ ಬಳಿ ಒಡದು, ಮಣ್ಣಾಗ ಕಲಸಿ, ಆ ಗ್ವಾಡಿಗೆ ಮೆತ್ತಿದ್ಲು. ‘ನನ್ನ ಅಳು ಇನ್ನ ಇದರದು. ತಡದವನ ಕೂಸಿನ ಎದಿಯಾಗ ಇಳೀಲಿ’ ಅಂದ್ಲು. ಅವತ್ತಿಂದ ಸೆರಗಿಲೆ ಒರಸ್ತೀವ್ರಿ.”

“ಕತಿ ಚಲೋ ಐತಿ,” ಎಂದ ಗುರುಲಿಂಗಪ್ಪ, ಜತೆಗೆ ಕೇಳುತ್ತಿದ್ದ ಹೆಂಡತಿಯತ್ತ ತಿರುಗಿ.

ಗೋಡೆ ಕೆರೆದ. ಜೋಳದ ಒಣದಂಟಿನ ಕಣಿಕೆಯ ತಟ್ಟಿ ಬಡಿದು ಮಣ್ಣು ಮೆತ್ತಿದ. ಮೇಲೆ ಎರಡು ಸಲ ಕುದಿಯುವ ಡಾಂಬರು ಬಳಿದ. ಬಿಸಿಗಾಳಿ ಬಾರದಂತೆ ಗವಾಕ್ಷಿಯನ್ನೂ ಮುಚ್ಚಿದ. ಆಮೇಲೆ ಹೆಂಡತಿ ಕಾಶೆವ್ವನ ಕೈ ಹಿಡಿದು ಗೋಡೆಗೆ ಹಚ್ಚಿದ. “ಒಂದ ಹನಿ ಐತೇನ, ನೋಡು!”

ಮೂರು ದಿನ ಕೂಸು ನಿದ್ರಿಸಿತು. ನಾಲ್ಕನೆಯ ಮಧ್ಯಾಹ್ನ ಗೋಡೆಯೊಳಗೆ ಸದ್ದು. ಕೊಡ ತುಂಬುವ ಸದ್ದು. ಗುಳುಗುಳು.

ಅಂದೇ ಕೂಸಿಗೆ ಉಬ್ಬಸ ಮರಳಿ ಏರಿತು. ಗೋಕಾಕದಿಂದ ಕರೆತಂದ ವೈದ್ಯ ಕೂಸಿನ ಎದೆಗೆ ಕಿವಿಯಿಟ್ಟು ತಲೆಯಾಡಿಸಿದ. “ನೀರ ತುಂಬೇತ್ರಿ.”

ಅವನು ಹೋದ ಮೇಲೆ ಕಾಶೆವ್ವ ಮಗಳ ಎದೆಗೆ ಕಿವಿಯಿಟ್ಟಳು. ಗೋಡೆಗೆ ಕಿವಿಯಿಟ್ಟಳು. ಎರಡೂ ಒಂದೇ ಸದ್ದು.

“ಒಡೀರಿ.”

“ಹುಚ್ಚಿ ಆಗಬ್ಯಾಡ.”

ಕೂಸು ಕೆಮ್ಮಿತು. ಬಾಯಿಂದ ನೀರು ಸುರಿಯಿತು. ಹಸಿಮಣ್ಣಿನ ವಾಸನೆಯ ನೀರು. ಅದರಲ್ಲಿ ಒಂದು ಹಸಿರು ಬಳೆಯ ಚೂರು.

ಗುರುಲಿಂಗಪ್ಪ ಹಾರೆ ಹಿಡಿದ. ಬಾಯಲ್ಲಿ ಶಿವಶಿವಾ. ಹೊಡೆದ. ಡಾಂಬರು ಬಿರಿಯಿತು. ಕಣಿಕೆ ಉದುರಿತು. ಕಲ್ಲು ಕಂಡಿತು. ನೀರು ಬರಲಿಲ್ಲ. ಕೂಸಿನ ತುಟಿ ನೀಲಿಗಟ್ಟಿತು. ಹೊಡೆದ. ಬರಲಿಲ್ಲ. ಉಸಿರು ನಿಂತಿತು.

ಕಾಶೆವ್ವ ಹಾರೆಯನ್ನು ಆಚೆ ತಳ್ಳಿ ಗೋಡೆಯನ್ನು ತಬ್ಬಿದಳು. ಕೆನ್ನೆಯೊತ್ತಿ, ಹಾಡಿದಂತೆ ಮೆಲ್ಲಗೆ ಅಂದಳು:

“ಯವ್ವಾ ರಾಯವ್ವ, ನಾನೂ ಹಡದಾಕಿ. ಒಬ್ಬಾಕೆನ ಎಷ್ಟು ಅಳತಿ? ನಾ ನಿನ್ನ ಜೋಡಿ ಇಲ್ಲೇ ಇರ್ತೀನಿ. ನನ್ನ ಕೂಸನ್ನ ಬಿಡು.”

ಗೋಡೆ ಒಸರಿತು. ಬೆಚ್ಚಗೆ, ಉಪ್ಪುಪ್ಪಾಗಿ, ಅವಳ ಕೆನ್ನೆಯ ಮೇಲಿಂದ ಹರಿಯಿತು. ಹಿಂದೆ ಗೌರವ್ವ ಉಸಿರೆಳೆದು ಕಿರುಚಿದಳು.

ಆ ಉಸಿರು ಮತ್ತೆ ಕೆಡಲಿಲ್ಲ. ಕಾಶೆವ್ವ ಮತ್ತೆ ಮೇಲೆ ಬರಲಿಲ್ಲ. ಅವಳನ್ನು ಎತ್ತಿ ತಂದರಷ್ಟೇ ಮಗಳು ಕೆಮ್ಮುತ್ತಿದ್ದಳು. ಗುರುಲಿಂಗಪ್ಪ ಎರಡು ಸಲ ತಂದ, ಎರಡು ಸಲವೂ ತಾನೇ ಇಳಿಸಿ ಬಂದ.

ಊಟದ ಹೊತ್ತಿಗೆ ಗೌರವ್ವ ರೊಟ್ಟಿ ಹಿಡಿದು ಮೇಲಿನ ಮೆಟ್ಟಿಲಲ್ಲಿ ಕೂಡುತ್ತಿದ್ದಳು.

“ಯವ್ವಾ, ಉಂಡೇನ?”

ಕೆಳಗಿಂದ ಅಳುವೊಂದೇ ಕೇಳುತ್ತಿತ್ತು. ಅವ್ವ ಉಂಡೆ ಅನ್ನದೆ ಹುಡುಗಿ ತುತ್ತು ಮುಟ್ಟುತ್ತಿರಲಿಲ್ಲ. ಆಗ ಗುರುಲಿಂಗಪ್ಪ ಅವಳ ಹಿಂದೆ ನಿಂತು ತಾನೇ ಅನ್ನುತ್ತಿದ್ದ:

“ಉಂಡಾಳವಾ. ನೀ ಉಣ್ಣು.”