ಕೆನ್ನೆಯಷ್ಟಗಲ ಬಿಸಿ

ನಂಬದವರು ನಂಬಬೇಡಿ, ನನಗೇನೂ ನಷ್ಟವಿಲ್ಲ. ಮನೆಮನೆಯಲ್ಲೂ ಬಂದೂಕಿರುವ ಅಮೆರಿಕದ ಮೊಂಟಾನಾದಲ್ಲೇ ಹುಟ್ಟಿ ಬೆಳೆದರೂ ನನ್ನದೇ ಅಂತ ಒಂದು ಬಂದೂಕು ಕೊಂಡದ್ದು ನಲವತ್ತು ದಾಟಿದ ಮೇಲೆ. ರಷ್ಯಾದ ಸೈನ್ಯ ಬಳಸಿ ಬಿಟ್ಟ ಹಳೇ ರೈಫಲ್ಲು. ತುಕ್ಕು ಹಿಡಿಯದಿರಲೆಂದು ಅದಕ್ಕೆ ಮೆತ್ತಿದ್ದ ಗ್ರೀಸನ್ನು ಕುದಿನೀರು ಹೊಯ್ದು ತೆಗೆಯುವಷ್ಟರಲ್ಲಿ ಅಡುಗೆಮನೆಯೆಲ್ಲ ಜಿಡ್ಡಾಯಿತು.

"ಯಾರ ಕೈಯಲ್ಲಿತ್ತೋ ಏನೋ. ಮೊದಲ ಗುಂಡು ನೀನು ಹೊಡೀಬೇಡ. ಟೈರಿಗೆ ಕಟ್ಟಿ, ಟ್ರಿಗರಿಗೆ ದಾರ ಹಾಕಿ ಎಳಿ," ಎಂದ ಅಣ್ಣ ವೆಂಡೆಲ್. ಸಿಡಿದರೆ ಟೈರಿನ ಮೇಲೆ ಸಿಡಿಯಲಿ ಎಂದು ನಮ್ಮ ಕಡೆ ಹಾಗೆ ಮಾಡುತ್ತಾರೆ.

ಹಿಮ ಬಿದ್ದ ಬಯಲಿನಲ್ಲಿ, ನಡುಹಗಲಲ್ಲಿ, ದೂರ ನಿಂತು ದಾರ ಎಳೆದೆ. ಢಂ ಎಂದಿತು, ಸಿಡಿಯಲಿಲ್ಲ. ಹೋಗಿ ಮುಟ್ಟಿದರೆ ಗುಂಡು ಹಾರಿದ ನಳಿಕೆ ಮಂಜುಗಡ್ಡೆಯಂತಿತ್ತು. ರೈಫಲ್ಲಿನ ಹಿಂಬದಿಯ ಮರದ ಹಿಡಿಯಲ್ಲಿ, ಗುರಿಯಿಡುವವನು ಕೆನ್ನೆ ಒತ್ತುವ ಜಾಗ ಮಾತ್ರ ಬೆಚ್ಚಗಿತ್ತು.

ವೆಂಡೆಲ್ ಮುಟ್ಟಿ ನೋಡಿ ಕೈ ಪ್ಯಾಂಟಿಗೆ ಒರೆಸಿಕೊಂಡ. "ಲೇ ಡೋರೀನ್, ವಾಪಸ್ ಕೊಟ್ಬಿಡೇ."

"ಯಾಕೆ ಕೊಡ್ಲಿ? ಗಂಡಸರು ಕೊಳೆ ಮಾಡಿಟ್ಟಿದ್ದನ್ನೆಲ್ಲ ಒರೆಸಿ ಒರೆಸಿ ಅವರಿಗೇ ಕೊಟ್ಟಿದ್ದಾಯ್ತು. ಇದೊಂದು ನಂಗಿರ್ಲಿ."

ಟೈರಿನಿಂದ ಬಿಚ್ಚಿ, ಇನ್ನೊಂದು ಗುಂಡು ತುಂಬಿ, ಆ ಬಿಸಿಯ ಮೇಲೇ ಕೆನ್ನೆ ಇಟ್ಟೆ. ನುಣ್ಣನೆಯ ಮರ ಎರಡು ದಿನದ ಗಡ್ಡದಂತೆ ಚುಚ್ಚಿತು.

"ಲೋ, ನೀನು ಯಾರಾದ್ರೂ ಆಗಿರು, ಆ ಕಡೆ ಸರಿ. ಇದು ಈಗ ನಂದು," ಎಂದು ಜೋರಾಗಿಯೇ ಹೇಳಿ ಟ್ರಿಗರ್ ಎಳೆದೆ. ಭುಜ ಕಿತ್ತುಬಂದಂತಾಯಿತು. ಗುರಿಗೆಂದು ಎದುರಿಗಿಟ್ಟಿದ್ದ ಡಬ್ಬಿ ಹಾರಿಹೋಯಿತು.

ನನ್ನ ಕೆನ್ನೆಯ ಕೆಳಗಿನ ಮರ ತಣ್ಣಗಾಗಿತ್ತು. ಅಂದಿನಿಂದ ಬೆಚ್ಚಗಿರುವುದು ಅದರ ಆಚೆ ಮಗ್ಗುಲು.